ಹೂ ಬಿಟ್ಟ ಮೇಲೆ ಬರೀತೀನಿ

ಅಕ್ಟೋಬರ್ 9

ಪ್ರೀತಿಯ ಮಾವ,

ಈ ಕಾಗದದ ಜೊತೆ ಬಂದಿರುವ ಪೆಟ್ಟಿಗೆಯನ್ನು ತಲೆಕೆಳಗು ಮಾಡಬೇಡ. ನಿನ್ನ ಅಂಗಡಿಗೆ ಸೇಬು ತರುವ ಲಾರಿ ಡ್ರೈವರಣ್ಣ, "ನಿಮ್ಮ ಮಾವನಿಗೆ ಇಷ್ಟು ವರ್ಷ ಹಣ್ಣು ತಲುಪಿಸಿದ್ದೀನಿ, ಒಂದು ಗಿಡ ಏನು ಮಹಾ" ಅಂದ. ಅವನನ್ನು ನಂಬಿ ಕಳಿಸಿದ್ದೇನೆ.

ಗಿಡ ಅತ್ತೆಗೆ. ಆರ್ಕಿಡ್ ಅಂತ ಹೆಸರು. ನಾನು ಕೆಲಸ ಮಾಡುವ ಗಾಜಿನ ಮನೆಯಲ್ಲಿ ಇಂಥವು ಸಾಲುಸಾಲಾಗಿ ಇವೆ. ಇದರ ಒಂದು ಎಲೆ ಸೀಳಿದೆ, ಮಾರಾಟಕ್ಕೆ ಬರುವುದಿಲ್ಲ. ಮೇಸ್ತ್ರಿ ಎಸೆಯಲು ಹೇಳಿದರು. ಕೇಳಿ ತೆಗೆದುಕೊಂಡೆ.

ಕುಂಡಕ್ಕೆ ಮಣ್ಣು ಹಾಕಬೇಡಿ. ಅದರಲ್ಲಿರುವುದು ಮರದ ತೊಗಟೆ, ಇದ್ದಿಲ ಚೂರು. ಅಷ್ಟೇ ಸಾಕು. ಬೇರು ಹಸಿರಾಗಿದ್ದರೆ ನೀರು ಬೇಡ. ಬೂದಿ ಬಣ್ಣಕ್ಕೆ ತಿರುಗಿದರೆ ಬೆಳಗ್ಗೆ ಹೊತ್ತು ಚೆನ್ನಾಗಿ ನೀರು ಹಾಕಿ, ಎಲ್ಲ ಸೋರಿಹೋಗಲು ಬಿಡಿ. ಎಲೆಗಳ ನಡುವಿನ ಗುಳಿಯಲ್ಲಿ ನೀರು ನಿಲ್ಲಬಾರದು, ಕೊಳೆಯುತ್ತದೆ. ಕುಂಡದ ಹೊರಗೆ ಬೇರು ಚಾಚಿದರೆ ಅಸಹ್ಯ ಅಂತ ಕತ್ತರಿಸಬೇಡಿ. ಅದು ಗಾಳಿಯಲ್ಲೇ ನೀರು ಕುಡಿಯುವ ಗಿಡ.

ನಾನು ಮನೆ ಬಿಟ್ಟ ದಿನ ಅತ್ತೆ ಹೇಳಿದ್ದು ನಿನಗೂ ನೆನಪಿದೆ. "ಹೋಗು. ಆದರೆ ನಾನಾಗಿ ಕಾಗದ ಬರೆದು ಕರೆಯೋವರೆಗೂ ಈ ಮೆಟ್ಟಿಲು ಹತ್ತಬೇಡ." ಎರಡು ವರ್ಷವಾಯಿತು. ಅವಳು ಬರೆದಿಲ್ಲ, ನಾನು ಹತ್ತಿಲ್ಲ. ಅಮ್ಮ ಸತ್ತ ಮೇಲೆ ನನ್ನ ತಲೆ ಬಾಚಿ ಬೆಳೆಸಿದವಳು ಅವಳು. ನಾನು ಅಂಗಡಿಯಲ್ಲಿ ಅವಳ ಪಕ್ಕ ಕೂರಬೇಕು ಅಂತ ಅವಳ ಆಸೆ. ನನಗೆ ಗಿಡದ ಹುಚ್ಚು. ಇದರಲ್ಲಿ ಯಾರದ್ದು ತಪ್ಪು ಅಂತ ಈಗಲೂ ನನಗೆ ಹೇಳಲು ಬರುವುದಿಲ್ಲ.

ಫೋನ್ ಮಾಡಿದರೆ ನಿನ್ನ ಕಿವಿಗೆ ಅರ್ಧ ಕೇಳಿಸುತ್ತದೆ. ಅತ್ತೆಗೆ ಪೂರ್ತಿ ಕೇಳಿಸಿದರೂ ಮಾತಾಡುವುದಿಲ್ಲ. ಅದಕ್ಕೇ ಕಾಗದ.

ನಿನ್ನ ಅಕ್ಕನ ಮಗಳು,
ಗುಬ್ಬಿ


ಅಕ್ಟೋಬರ್ 24

ಗುಬ್ಬಿಗೆ,

ಗಿಡ ತಲುಪಿತು. ಡ್ರೈವರ್ ಅದನ್ನು ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದಿದ್ದ. "ಹೆಂಡತಿಯನ್ನೂ ಇಷ್ಟು ಜೋಪಾನವಾಗಿ ಕರಕೊಂಡು ಹೋಗಿಲ್ಲ ಕಣಪ್ಪ" ಅಂದ.

ನಿಮ್ಮತ್ತೆ ಪೆಟ್ಟಿಗೆ ಬಿಚ್ಚಿ, "ಯಾರು ಕಳಿಸಿದ್ದು?" ಅಂದಳು. ಗೊತ್ತಿದ್ದೇ ಕೇಳಿದಳು. ಹೇಳಿದೆ. "ಹೂವೇ ಇಲ್ಲ. ನಾಲ್ಕು ಎಲೆ, ಅದರಲ್ಲೊಂದು ಹರಿದದ್ದು. ಬೇರೆಲ್ಲ ಹೊರಗೆ. ಇದೇನು ಬಂದಳಿಕೆಯಾ?" ಅಂದಳು. ಮರದ ಮೇಲೆ ಬೆಳೆಯೋ ಜಾತಿಯಂತೆ ಅಂದೆ. "ಹಾಗಾದರೆ ಬಂದಳಿಕೆಯೇ. ಇನ್ನೊಬ್ಬರ ಮೇಲೆ ಕೂತು ತಿನ್ನೋದು." ಅಷ್ಟು ಹೇಳಿ ತಟ್ಟನೆ ಸುಮ್ಮನಾದಳು. ಆ ಮಾತು ಯಾರಿಗೆ ಹೋಗಿ ತಾಗುತ್ತದೆ ಅಂತ ಅವಳಿಗೂ ಹೊಳೆಯಿತು ಅಂತ ಕಾಣುತ್ತದೆ.

ಸಂಜೆ ಅಂಗಡಿ ಮುಚ್ಚಿ ಮೇಲೆ ಹೋದರೆ ಗಿಡ ಕಿಟಕಿಯ ಕಟ್ಟೆ ಏರಿ ಕೂತಿತ್ತು. ಬೆಳಗಿನ ಬಿಸಿಲು ನೇರ ಬೀಳದ ಹಾಗೆ ನನ್ನ ಹಳೆ ಪಂಚೆಯನ್ನು ಪರದೆ ಮಾಡಿದ್ದಳು. ಉಡುವ ಪಂಚೆಯೇ ಬೇಕಿತ್ತಾ ಅಂದೆ. "ನೀವು ಉಟ್ಟರೂ ಒಂದೇ, ಕಿಟಕಿ ಉಟ್ಟರೂ ಒಂದೇ" ಅಂದಳು.

ನಾನು ಮೆತ್ತಗೆ, "ಗಿಡ ಬಂದ ವಿಷಯ ಎರಡು ಸಾಲು ನೀನೇ ಬರೆದು ಹಾಕು" ಅಂದೆ. ತುಂಬಾ ಹೊತ್ತು ಗಿಡ ನೋಡಿದಳು. "ಹೂ ಬಿಡಲಿ. ಹೂ ಬಿಟ್ಟ ಮೇಲೆ ಬರೀತೀನಿ ಅಂತ ಹೇಳಿ ಅವಳಿಗೆ."

ಹೇಳಿದ್ದೇನೆ. ನಿಮ್ಮತ್ತೆ ಮಾತು ಅಂದರೆ ಮಾತು, ನಿನಗೇ ಗೊತ್ತು. ಹೂ ಬಿಡಿಸುವ ದಾರಿ ಏನಿದ್ದರೂ ಬೇಗ ತಿಳಿಸು.

ಮಂಡಿ ನೋವು ಅಂತ ಅವಳು ಅಂಗಡಿಗೆ ಇಳಿಯೋದು ಕಡಿಮೆ ಮಾಡಿದ್ದಾಳೆ. ಕೂಗುವವರಿಲ್ಲದೆ ವ್ಯಾಪಾರ ಸಪ್ಪೆ.

ಮಾವ


ನವೆಂಬರ್ 8

ಪ್ರೀತಿಯ ಮಾವ,

ಬಂದಳಿಕೆ ಅಲ್ಲ ಅಂತ ಅತ್ತೆಗೆ ಹೇಳು. ಬಂದಳಿಕೆ ಮರದೊಳಗೆ ಬೇರು ಇಳಿಸಿ ರಸ ಹೀರುತ್ತದೆ. ಇದು ಮರದ ತೊಗಟೆಯನ್ನು ಹಿಡಿದು ಕೂತಿರುತ್ತದೆ, ಅಷ್ಟೇ. ಮಳೆ, ಮಂಜು, ಗಾಳಿಯಲ್ಲಿ ಬಂದದ್ದನ್ನು ತಿನ್ನುತ್ತದೆ. ಮರದಿಂದ ಇದಕ್ಕೆ ಬೇಕಾಗಿರುವುದು ಕೂರಲು ಒಂದು ಜಾಗ.

ಹೂ ಬರಲು ಗಿಡಕ್ಕೆ ಸ್ವಲ್ಪ ಚಳಿ ತಾಗಬೇಕು. ಬೆಚ್ಚಗೆ ಮುಚ್ಚಟೆ ಮಾಡಿದರೆ ಎಲೆ ಬಿಟ್ಟುಕೊಂಡು ಹಾಯಾಗಿ ಕೂತುಬಿಡುತ್ತದೆ. ಈ ಒಂದು ತಿಂಗಳು ರಾತ್ರಿ ಕಿಟಕಿ ಸ್ವಲ್ಪ ತೆರೆದಿರಲಿ. ಹಗಲು ಬೆಳಕು ಚೆನ್ನಾಗಿರಲಿ. ಎಲೆ ಕಡು ಹಸಿರಾದರೆ ಬೆಳಕು ಸಾಲದು, ತಿಳಿ ಹಸಿರಿದ್ದರೆ ಸರಿ. ದಂಟು ಬಂದು ಮೊಗ್ಗು ಕಟ್ಟಿದ ಮೇಲೆ ಕುಂಡವನ್ನು ಅತ್ತಿತ್ತ ತಿರುಗಿಸಬಾರದು. ಮೊಗ್ಗು ಬೆಳಕಿನ ಕಡೆ ಮುಖ ಮಾಡಿಕೊಂಡಿರುತ್ತದೆ, ಪದೇ ಪದೇ ತಿರುಗಿಸಿದರೆ ಸೋತುಹೋಗುತ್ತದೆ.

ಇದರ ಹುಚ್ಚು ನನಗೆ ಯಾಕೆ ಹಿಡಿಯಿತು ಅಂತ ಹಿಂದೆ ಒಮ್ಮೆ ನೀನು ಕೇಳಿದ್ದೆ. ಬೇರೆ ಹೂಗಳನ್ನು ನಾವು ನೋಡುತ್ತೇವೆ. ಇದು ನಮ್ಮನ್ನು ನೋಡುತ್ತದೆ, ಮಾವ. ನಡುವೆ ಒಂದು ತುಟಿ, ಎರಡು ಕಡೆ ಕೆನ್ನೆ ಇದ್ದ ಹಾಗೆ. ಗಾಜಿನ ಮನೆಯ ಬಾಗಿಲು ತೆರೆದರೆ ಸಾಲುಸಾಲು ಮುಖಗಳು, ಒಂದೂ ಮಾತಾಡುವುದಿಲ್ಲ. ಗಿಡ ತಿಂಗಳುಗಟ್ಟಲೆ ಏನೂ ಆಗದೆ ಕೂತಿರುತ್ತದೆ. ಸತ್ತಿದೆಯೇನೋ ಅನ್ನಿಸುತ್ತದೆ. ಬಿರಿದ ಮೇಲೆ ಅಷ್ಟು ಸುಲಭಕ್ಕೆ ಬಾಡುವುದೂ ಇಲ್ಲ. ಕೋಪ ಮಾಡಿಕೊಂಡ ದೊಡ್ಡವರ ಹಾಗೆ. ಇದೊಂದು ಸಾಲು ಅತ್ತೆಗೆ ಓದಬೇಡ.

ಮಂಡಿ ನೋವಿಗೆ ಡಾಕ್ಟರಿಗೆ ತೋರಿಸಿದಿರಾ?

ಗುಬ್ಬಿ


ಡಿಸೆಂಬರ್ 28

ಗುಬ್ಬಿಗೆ,

ಓದಬೇಡ ಅಂದದ್ದನ್ನೂ ಓದಿಬಿಟ್ಟೆ. ಜೋರಾಗಿ ಓದುವಾಗ ಕಣ್ಣಿಗಿಂತ ಬಾಯಿ ಮುಂದೆ ಓಡುತ್ತದೆ. ನಿಮ್ಮತ್ತೆ ಕೇಳಿ, "ಹೂಂ" ಅಂದಳು.

ದಂಟು ಬಂದಿದೆ. ಎಲೆಯ ಸಂದಿಯಿಂದ ಬೆರಳುದ್ದ ಹಸಿರು ಮೂತಿ. ನಾನು ಇನ್ನೊಂದು ಬೇರು ಅಂದೆ. "ನಿಮ್ಮ ತಲೆ. ಬೇರು ಕೆಳಗೆ ನೋಡುತ್ತೆ, ಇದು ಮೇಲೆ ನೋಡ್ತಾ ಇದೆ" ಅಂದಳು. ಅವಳೇ ಸರಿ. ತನ್ನ ಕೂದಲಿಗೆ ಸಿಕ್ಕಿಸುವ ಕ್ಲಿಪ್ಪಿನಿಂದ ಅದನ್ನು ಒಂದು ಕಡ್ಡಿಗೆ ಮೆತ್ತಗೆ ಹಿಡಿಸಿದ್ದಾಳೆ.

ಮಂಚವನ್ನು ಕಿಟಕಿ ಪಕ್ಕಕ್ಕೆ ಎಳೆದುಕೊಟ್ಟೆ. ಗಿಡ ನೋಡಿಕೊಳ್ಳಲು ಅನುಕೂಲ ಅಂದಳು. ದಿನವೆಲ್ಲ ಅಲ್ಲೇ. ಡಾಕ್ಟರು ಬಂದು ಹೋಗುತ್ತಿದ್ದಾರೆ, ಚಿಂತೆ ಮಾಡಬೇಡ.

ಮೊನ್ನೆ ಮೆಟ್ಟಿಲು ಹತ್ತುವಾಗ ಒಳಗೆ ಅವಳು ಮಾತಾಡುವುದು ಕೇಳಿಸಿತು. ಯಾರಾದರೂ ಬಂದಿದ್ದಾರಾ ಅಂತ ನಿಂತೆ. ಯಾರೂ ಇರಲಿಲ್ಲ, ಗಿಡದ ಜೊತೆ ಮಾತು. ನನ್ನ ಕಿವಿಗೆ ಅರ್ಧವೇ ಸಿಕ್ಕಿತು. "ಬೇಗ ಕಣೆ, ಬೇಗ" ಅಂದ ಹಾಗಿತ್ತು.

ಮಾವ


ಫೆಬ್ರವರಿ 20

ಗುಬ್ಬಿ,

ಮೊಗ್ಗು ಉದುರಿಹೋದವು.

ಐದು ಇದ್ದವು. ಮೊದಲನೆಯದು ಇನ್ನೇನು ಬಿರಿಯಬೇಕು, ಬಿಳಿ ಬಣ್ಣ ಕಾಣುತ್ತಿತ್ತು. ಒಂದು ಬೆಳಗ್ಗೆ ಹಳದಿಯಾಗಿ ಸುಕ್ಕುಗಟ್ಟಿತು. ಆಮೇಲೆ ಒಂದರ ಹಿಂದೆ ಒಂದು. ಮುಟ್ಟಿದರೆ ಕೈಗೇ ಬಂದವು. ನಿಮ್ಮತ್ತೆ ಐದನ್ನೂ ಅಂಗೈಯಲ್ಲಿ ಇಟ್ಟುಕೊಂಡು ಕೂತಿದ್ದಳು. ನಾನು, "ಹೋಗಲಿ ಬಿಡು, ಬರೆದುಬಿಡು ಒಂದು ಕಾಗದ, ಗಿಡಕ್ಕೇನು ಗೊತ್ತಾಗುತ್ತೆ" ಅಂದೆ. "ನನಗೆ ಗೊತ್ತಾಗುತ್ತಲ್ಲ" ಅಂದು ಗೋಡೆ ಕಡೆ ತಿರುಗಿ ಮಲಗಿದಳು.

ನೀನು ಹೇಳಿದ್ದನ್ನೆಲ್ಲ ಮಾಡಿದ್ದೇವೆ. ನೀರು ಹೆಚ್ಚಿಲ್ಲ, ಕಡಿಮೆಯಿಲ್ಲ. ಕುಂಡ ತಿರುಗಿಸಿಲ್ಲ. ನಾವು ಮಾಡಿದ್ದೇನು?

ಮಾವ


ಫೆಬ್ರವರಿ 27

ಪ್ರೀತಿಯ ಮಾವ,

ದಂಟು ಹಸಿರಾಗಿದೆ ತಾನೆ? ಹಾಗಿದ್ದರೆ ಕತ್ತರಿಸಬೇಡಿ. ಅದರಲ್ಲಿ ಕಬ್ಬಿನ ಹಾಗೆ ಗೆಣ್ಣುಗಳಿವೆ. ಯಾವುದಾದರೂ ಗೆಣ್ಣಿನಿಂದ ಪಕ್ಕದ ಕವಲು ಒಡೆಯುತ್ತದೆ. ಅದರಲ್ಲಿ ಮತ್ತೆ ಮೊಗ್ಗು ಬರುತ್ತದೆ. ಸ್ವಲ್ಪ ಕಾಯಬೇಕು.

ಗಾಳಿ ಜೋರಾಗಿ ಬಡಿಯಿತಾ? ಒಲೆಯ ಹೊಗೆ ಅಲ್ಲಿಗೆ ಹೋಗುತ್ತದಾ? ಗಿಡದ ಸುತ್ತಮುತ್ತ ಏನೇನಿದೆ, ಒಂದೂ ಬಿಡದೆ ಬರೆ. ನಾನು ಇಲ್ಲಿಂದಲೇ ಆ ಕಿಟಕಿ ನೋಡುವ ಹಾಗಿರಬೇಕು.

ಬಂದು ನೋಡಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಬರಲೇ ಅಂತ ಅತ್ತೆಯನ್ನು ಕೇಳಬೇಡ. ಬೇಡ ಅಂದರೆ ಮತ್ತೆ ಕೇಳುವ ಹಾಗಿರುವುದಿಲ್ಲ.

ಗುಬ್ಬಿ


ಏಪ್ರಿಲ್ 25

ಗುಬ್ಬಿಗೆ,

ನೀನು ಹೇಳಿದ ಹಾಗೇ ಕವಲು ಒಡೆಯಿತು. ನಾಲ್ಕು ಮೊಗ್ಗು ಕಟ್ಟಿತು. ಇಷ್ಟು ದಿನ ಬರೆಯದಿದ್ದದ್ದು ಅದಕ್ಕೇ, ಹೂವಾದ ಮೇಲೆ ನಿಮ್ಮತ್ತೆಯ ಕಾಗದವನ್ನೇ ಹಾಕೋಣ ಅಂತ ಕಾಯುತ್ತಿದ್ದೆ. ನಿನ್ನೆ ಎರಡು ಹಳದಿಯಾದವು.

ಕಿಟಕಿಯ ಕಟ್ಟೆಯ ಮೇಲೆ ಏನೇನಿದೆ ಅಂದರೆ: ಎಡಕ್ಕೆ ನೀರಿನ ತಂಬಿಗೆ. ಅದರ ಪಕ್ಕ ಗಿಡ. ನಿಮ್ಮತ್ತೆಯ ಕನ್ನಡಕ, ಬಾಚಣಿಗೆ, ಎರಡು ಮಾತ್ರೆ ಡಬ್ಬಿ. ಗಿಡಕ್ಕೆ ಒತ್ತಿಕೊಂಡು ಹಣ್ಣಿನ ತಟ್ಟೆ. ದಿನಾ ಸಂಜೆ ಅಂಗಡಿ ಮುಚ್ಚುವಾಗ ಅವತ್ತಿನ ಹಣ್ಣಿನಲ್ಲಿ ಎಲ್ಲಕ್ಕಿಂತ ಒಳ್ಳೆಯದೊಂದನ್ನು ಅವಳಿಗೆ ಆರಿಸಿ ತರುತ್ತೇನೆ. ಈಗ ತಟ್ಟೆಯಲ್ಲಿ ಇವತ್ತಿನ ಸೇಬು ಇದೆ, ನಿನ್ನೆಯದು, ಮೊನ್ನೆಯದು, ಎರಡು ಬಾಳೆಹಣ್ಣು, ಅದರ ಹಿಂದಿನ ದಿನದ್ದೊಂದು ಸೇಬು. ತಟ್ಟೆ ತುಂಬಿದಾಗ ಹಳೆಯದನ್ನು ನಾನು ತಿನ್ನುತ್ತೇನೆ. ನನ್ನ ಮಾತು ನಿನಗೆ ಗೊತ್ತಲ್ಲ, ಹಣ್ಣು ಮಾರುವವನ ಪಾಲಿಗೆ ಕೊಳೆತದ್ದೇ ಪ್ರಸಾದ.

ಹೊಗೆ ಇಲ್ಲ. ಗಾಳಿ ಇಲ್ಲ. ರೂಮಿನಲ್ಲಿ ಹಣ್ಣಿನ ಘಮ ಬಿಟ್ಟರೆ ಬೇರೆ ವಾಸನೆಯೂ ಇಲ್ಲ.

ಮಾವ


ಏಪ್ರಿಲ್ 30

ಮಾವ,

ಮೊದಲು ಆ ತಟ್ಟೆಯನ್ನು ಕೆಳಗೆ ತೆಗೆದುಕೊಂಡು ಹೋಗು. ಇಷ್ಟು ಓದಿ, ಹೋಗಿ, ಇಟ್ಟು ಬಾ. ಉಳಿದದ್ದನ್ನು ಆಮೇಲೆ ಓದು.

ಕಾಯಿ ಬಾಳೆಗೊನೆಯ ಜೊತೆ ಒಂದು ಮಾಗಿದ ಸೇಬು ಇಟ್ಟು ಗೋಣಿ ಮುಚ್ಚುವುದನ್ನು ನನಗೆ ಕಲಿಸಿದ್ದು ನೀನೇ. "ಮಾಗಿದ್ದು ಸುಮ್ಮನಿರಲ್ಲ, ಪಕ್ಕದ್ದನ್ನೂ ಮಾಗಿಸುತ್ತೆ" ಅನ್ನುತ್ತಿದ್ದೆ. ಆ ಹಣ್ಣಿನ ಗಾಳಿ ಮೊಗ್ಗಿಗೆ ತಾಗಿದರೆ ಬಿರಿಯುವ ಮೊದಲೇ ಅದರ ವಯಸ್ಸು ಮುಗಿಯುತ್ತದೆ. ಹಳದಿಯಾಗಿ ಉದುರುತ್ತದೆ. ಗಾಜಿನ ಮನೆಯಲ್ಲಿ ನಮ್ಮ ಊಟದ ಡಬ್ಬಿಯಲ್ಲಿ ಬಾಳೆಹಣ್ಣಿದ್ದರೂ ಹೊರಗೇ ಇಡಬೇಕು. ಅದು ನನಗೆ ಎಷ್ಟು ರೂಢಿಯಾಗಿದೆ ಅಂದರೆ ನಿಮಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಹಣ್ಣೆಲ್ಲ ಕೆಳಗೆ ಅಂಗಡಿಯಲ್ಲಿ ಅಂದುಕೊಂಡಿದ್ದೆ.

ಈಗ ಇನ್ನೊಂದು. ಅತ್ತೆಗೆ ಸೇಬು ಅಂದರೆ ಪ್ರಾಣ. ಅಂಗಡಿಯಲ್ಲಿ ಕೂತಾಗ ಗಿರಾಕಿಗೆ ರುಚಿ ತೋರಿಸುವ ನೆಪದಲ್ಲಿ ಅರ್ಧ ಅವಳೇ ತಿಂದುಬಿಡುತ್ತಿದ್ದಳು. ಸಂಜೆ ತಂದ ಸೇಬು ಅವಳ ಮುಂದೆ ಬೆಳಗಿನವರೆಗೂ ಉಳಿದದ್ದನ್ನು ನಾನು ಕಂಡಿಲ್ಲ. ಆ ತಟ್ಟೆಯಲ್ಲಿ ನಾಲ್ಕು ದಿನದ ಹಣ್ಣು ಹಾಗೇ ಇದೆ.

ಅತ್ತೆ ಊಟ ಬಿಟ್ಟು ಎಷ್ಟು ದಿನವಾಯಿತು, ಮಾವ? ಅದು ಮಂಡಿ ನೋವಲ್ಲ ಅಲ್ಲವಾ?

ಅತ್ತೆಗೆ ಇದನ್ನು ಓದಿ ಹೇಳು, ಈ ಸಲ ಬಾಯಿ ತಪ್ಪಿ ಅಲ್ಲ, ಬೇಕೆಂದೇ. ನಾನು ಹೊರಡುತ್ತೇನೆ. ಮೇಸ್ತ್ರಿಗೆ ಹೇಳಿದ್ದೇನೆ. ಮುಂದಿನ ವಾರ ಸೇಬಿನ ಲಾರಿಯಲ್ಲೇ ಬರುತ್ತೇನೆ. ಅವಳು ಕರೆಯದೆ ಮೆಟ್ಟಿಲು ಹತ್ತುವುದಿಲ್ಲ. ಕೆಳಗೆ ಅಂಗಡಿಯಲ್ಲೇ ಇರುತ್ತೇನೆ. ಅಲ್ಲಿಂದ ಕೂಗುತ್ತೇನೆ, ಅವಳು ಕೂಗುತ್ತಿದ್ದ ಹಾಗೆ.

ಗುಬ್ಬಿ


ಮೇ 4

ಗುಬ್ಬಿ,

ತಟ್ಟೆ ಕೆಳಗಿಟ್ಟೆ. ಇಟ್ಟು ಮೇಲೆ ಬರಲು ಸ್ವಲ್ಪ ಹೊತ್ತಾಯಿತು.

ಮಂಡಿ ನೋವಲ್ಲ. ಹೊಟ್ಟೆಯೊಳಗೆ ಗಡ್ಡೆ. ಡಾಕ್ಟರು ಇನ್ನು ಕತ್ತರಿಸುವ ಹಾಗಿಲ್ಲ ಅಂದಾಗ ನಿನ್ನ ಗಿಡ ಇನ್ನೂ ಬಂದಿರಲಿಲ್ಲ. ನಿನಗೆ ತಿಳಿಸಬಾರದು ಅಂತ ನನ್ನಿಂದ ಮಾತು ತೆಗೆದುಕೊಂಡಳು. "ಕಾಯಿಲೆ ಅಂತ ಬರೆದರೆ ಅವಳು ಕಾಯಿಲೆ ನೋಡೋಕೆ ಬರ್ತಾಳೆ. ನನ್ನನ್ನು ನೋಡೋಕೆ ಬರಬೇಕು" ಅಂದಳು. ಗಂಜಿ ಎರಡು ಚಮಚ ಒಳಗೆ ಹೋದರೆ ಅವತ್ತು ಒಳ್ಳೆಯ ದಿನ. ತಿನ್ನುವುದಿಲ್ಲ ಅಂತ ಗೊತ್ತಿದ್ದೂ ಹಣ್ಣು ತರುತ್ತಿದ್ದೆ. ತಾರದೆ ಬರಿಗೈಲಿ ಮೆಟ್ಟಿಲು ಹತ್ತಲು ನನಗೆ ಆಗುತ್ತಿರಲಿಲ್ಲ.

ಇಷ್ಟು ವರ್ಷ ಕಾಯಿಗಳನ್ನು ಹಣ್ಣು ಮಾಡಿದ ನನಗೆ, ಆ ಮೊಗ್ಗನ್ನು ಉದುರಿಸುತ್ತಿರುವುದು ನನ್ನದೇ ಸೇಬು ಅಂತ ತಿಳಿಯದೆ ಹೋಯಿತು. ನಿಮ್ಮತ್ತೆಗೆ ಹೇಳಿದೆ. ಬೈತಾಳೆ ಅಂದುಕೊಂಡೆ. ನನ್ನ ಕೈ ಹಿಡಿದುಕೊಂಡು ನಕ್ಕಳು. ತುಂಬ ದಿನದ ಮೇಲೆ ನಕ್ಕಳು.

ಆಮೇಲೆ ಹಾಳೆ, ಪೆನ್ನು ಕೇಳಿದಳು. ಬರೆದು ಮುಗಿಸಲು ಮೂರು ದಿನ ಹಿಡಿಯಬಹುದು. ನನಗೆ ತೋರಿಸುತ್ತಿಲ್ಲ.

ಮಾವ


ಮೇ 6

ಗುಬ್ಬಿ,

ಹೂ ಇನ್ನೂ ಬಿಟ್ಟಿಲ್ಲ. ಎರಡು ಮೊಗ್ಗು ಹಸಿರಾಗಿ ಉಳಿದಿವೆ. ಮಾತಿಗೆ ತಪ್ಪಿದವಳು ಅಂತ ನನ್ನನ್ನು ಇದುವರೆಗೆ ಯಾರೂ ಅಂದಿಲ್ಲ. ನೀನು ಅಂದುಕೋ.

ಮೆಟ್ಟಿಲು ಹತ್ತಿ ಬಾ. ಕೆಳಗೆ ನಿಂತು ಕೂಗಬೇಡ. ನಿಮ್ಮ ಮಾವನಿಗೆ ಕೇಳಿಸಲ್ಲ, ನನಗೆ ಎದ್ದು ಬರಲು ಆಗಲ್ಲ. ಮತ್ತೆ ನಿನ್ನ ಗಂಟಲು ಸಣ್ಣದು, ವ್ಯಾಪಾರಕ್ಕೆ ಆಗಿಬರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಆದರೂ ಪಕ್ಕದಲ್ಲಿ ಇರಲಿ ಅಂತ ಇತ್ತು.

ಬಂದಳಿಕೆ ಅಂದದ್ದು ಗಿಡಕ್ಕೆ. ಅದೂ ತಪ್ಪು ಅಂತ ನೀನು ಬರೆದೆ. ಅದು ಮರದಲ್ಲಿ ಜಾಗ ಅಷ್ಟೇ ಕೇಳುತ್ತದೆ ಅಂದೆ. ಮರಕ್ಕೆ ಭಾರ ಅನ್ನಿಸುತ್ತದಾ ಅಂತ ಬರೆಯಲಿಲ್ಲ. ನಾನು ಹೇಳುತ್ತೇನೆ. ಅನ್ನಿಸುವುದಿಲ್ಲ.

ಬಂದಾಗ ಅಳುತ್ತಾ ಕೂರಬೇಡ, ಗಿಡಕ್ಕೆ ನೀರು ಹೆಚ್ಚಾದರೆ ಆಗಲ್ಲ ಅಂತ ನೀನೇ ಹೇಳಿದ್ದೀಯ. ನಿಮ್ಮ ಮಾವನಿಗೆ ಒಂದು ಒಳ್ಳೆ ಹಣ್ಣು ತಿನ್ನಲು ಹೇಳು. ನಾನು ಹೇಳಿದರೆ ಕೇಳಿಸಲಿಲ್ಲ ಅನ್ನುತ್ತಾರೆ.

ಅತ್ತೆ


ಆಗಸ್ಟ್ 10

ಗುಬ್ಬಿಗೆ,

ನೀನು ವಾಪಸ್ ಕೆಲಸದ ಜಾಗಕ್ಕೆ ಕ್ಷೇಮವಾಗಿ ತಲುಪಿದೆ ಅಂತ ಡ್ರೈವರ್ ಹೇಳಿದ. ದಾರಿಯುದ್ದಕ್ಕೂ ನೀನು ಒಂದೂ ಮಾತಾಡಲಿಲ್ಲವಂತೆ. "ಆ ಗಿಡವೇ ವಾಸಿಯಾಗಿತ್ತು" ಅಂದ. ಪಾಪ, ಅವನಿಗೂ ಏನು ಹೇಳಬೇಕೋ ಗೊತ್ತಾಗಿರಲಿಕ್ಕಿಲ್ಲ.

ನಿಮ್ಮತ್ತೆ ಹೋದ ಮೇಲೂ ಎರಡು ಹೂಗಳು ಇಷ್ಟು ದಿನ ಇದ್ದವು. ಅವಳು ಕಣ್ತುಂಬ ನೋಡಿದ ಹೂಗಳೇ. ನೀನು ಅವಳ ತಲೆಯನ್ನು ಎತ್ತಿ ಹಿಡಿದುಕೊಂಡಿದ್ದೆ, ಅವಳು, "ಇದು ನನ್ನನ್ನೇ ನೋಡ್ತಾ ಇದೆಯಲ್ಲೇ" ಅಂದಳು. ಮೊದಲು ಬಿರಿದದ್ದು ಮೊನ್ನೆ ಬಿತ್ತು. ಬಾಡಿ ಬೀಳಲಿಲ್ಲ, ಇದ್ದ ಹಾಗೇ ಬಿತ್ತು. ಇನ್ನೊಂದು ಇದೆ. ಅದೂ ಬಿದ್ದ ಮೇಲೆ ದಂಟನ್ನು ಎಷ್ಟಕ್ಕೆ ಕತ್ತರಿಸಬೇಕು ಅಂತ ನೀನು ದಾರ ಕಟ್ಟಿ ಹೋದ ಗೆಣ್ಣು ನೆನಪಿದೆ. ಹೊಸ ಎಲೆಯೊಂದು ಬರುತ್ತಿದೆ, ಸೀಳಿಲ್ಲ.

ಇನ್ನೊಂದು ವಿಷಯ. ನಿನ್ನೆ ಅಂಗಡಿ ಮುಚ್ಚುವಾಗ ಕೈ ತನ್ನಷ್ಟಕ್ಕೆ ಹಣ್ಣು ಆರಿಸಿತು. ಪೆಟ್ಟಿಗೆಯಲ್ಲೇ ಎಲ್ಲಕ್ಕಿಂತ ಒಳ್ಳೆಯ ಸೇಬು, ಕೆಂಪಗೆ, ಒಂದು ಕಲೆಯಿಲ್ಲ. ಅದನ್ನು ಒರೆಸಿ, ಹಿಡಿದುಕೊಂಡು ಅರ್ಧ ಮೆಟ್ಟಿಲು ಹತ್ತಿದೆ. ಆಗ ನೆನಪಾಯಿತು. ಒಳಗೆ ಹೂ ಇದೆ. ಹಣ್ಣು ತೆಗೆದುಕೊಂಡು ಹೋಗುವ ಹಾಗಿಲ್ಲ. ಕೆಳಗೆ ಹೋಗಿ ಪೆಟ್ಟಿಗೆಗೆ ವಾಪಸ್ ಹಾಕಲೂ ಮನಸ್ಸು ಬರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ತಿಂದೆ. ಪೂರ್ತಿ ತಿಂದೆ. ಸಿಹಿಯಾಗಿತ್ತು. ಇಷ್ಟು ವರ್ಷ ಜನರಿಗೆ ಸಿಹಿಯಾಗಿದೆ ಅಂತ ಹೇಳಿ ಮಾರಿದ್ದೇನೆ, ಸುಳ್ಳು ಹೇಳಿಲ್ಲ ಅಂತ ಗೊತ್ತಾಯಿತು.

ಆಮೇಲೆ ಕೈ ತೊಳೆದುಕೊಂಡು ಒಳಗೆ ಹೋದೆ. ಹೂ ಹಾಗೇ ಇತ್ತು.

ಮಾವ